ಪುಣೆ ಬಳಿಯ ಹುಲ್ಲುಗಾವಲು ಸಫಾರಿ: ತೋಳಗಳ ನಾಡಿಗೆ ಹೋಗುವುದು ಹೇಗೆ? ಅಲ್ಲಿ ನಡೆದುಕೊಳ್ಳುವುದು ಹೇಗೆ?

ಸಫಾರಿ ಎಂದಾಕ್ಷಣ ಕನ್ನಡಿಗರ ಕಣ್ಣಮುಂದೆ ಬರುವುದು ಬಂಡೀಪುರ, ನಾಗರಹೊಳೆ, ಕಬಿನಿಯ ದಟ್ಟ ಕಾಡು. ಬೆಳಗಿನ ಮಂಜು, ಹಸಿರು ಬಣ್ಣದ ಜೀಪು, ಬಿದಿರುಮೆಳೆಯ ಹಿಂದೆಲ್ಲೋ ಒಂದು ಹುಲಿ. ಆದರೆ ಪುಣೆ ಜಿಲ್ಲೆಯಲ್ಲಿ ನಡೆಯುವ ಒಂದು ಸಫಾರಿಯಲ್ಲಿ ಕಾಡೇ ಇಲ್ಲ! ಕಣ್ಣು ಹಾಯಿಸಿದಷ್ಟು ದೂರ ಒಣಹುಲ್ಲು, ಅಲ್ಲಲ್ಲಿ ಜಾಲಿ ಗಿಡ, ಕಲ್ಲುಗುಡ್ಡ, ಮಧ್ಯೆ ಕುರಿ ಹಿಂಡು. ಇಲ್ಲಿನ ರಾಜ ಹುಲಿಯಲ್ಲ, ತೋಳ.

ಇಂದಾಪುರ ತಾಲ್ಲೂಕಿನ ಕಡಬನವಾಡಿ ಮತ್ತು ಬಾರಾಮತಿ ತಾಲ್ಲೂಕಿನ ಶಿರ್ಸುಫಳದಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯ ಪುಣೆ ವಿಭಾಗ ಈ ಹುಲ್ಲುಗಾವಲು ಸಫಾರಿ ಆರಂಭಿಸಿತು. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಒಂದೇ ದಿನದಲ್ಲಿ ಹೋಗಿ ಬರಬಹುದಾದ ಜಾಗ. ವಿಜಯಪುರ, ಕಲಬುರಗಿ ಕಡೆಯವರಿಗೂ ಅಷ್ಟೇನೂ ದೂರವಲ್ಲ.

ಆದರೆ ಹೊರಡುವ ಮುನ್ನ ಒಂದು ಮಾತು ತಿಳಿದಿರಬೇಕು. ಕಾಡಿನಲ್ಲಿ ಪ್ರವಾಸಿಗರ ಗಲಾಟೆ ಹೆಚ್ಚಾದರೆ ಪ್ರಾಣಿ ನಾಲ್ಕು ಹೆಜ್ಜೆ ಪೊದೆಯೊಳಗೆ ಸರಿದು ಮಾಯವಾಗುತ್ತದೆ. ಹುಲ್ಲುಗಾವಲಿನಲ್ಲಿ ಅಂಥ ಮರೆ ಕಡಿಮೆ. ಅಲ್ಲಿ ಪ್ರಾಣಿಗೆ ಉಳಿಯುವ ರಕ್ಷಣೆ ಎಂದರೆ ನೋಡಲು ಬಂದವರ ಸಂಯಮ. ಹಾಗಾಗಿ ಇಲ್ಲಿ ದಾರಿ ಎಷ್ಟು ಮುಖ್ಯವೋ ನಡವಳಿಕೆಯೂ ಅಷ್ಟೇ ಮುಖ್ಯ.

ಇಲ್ಲಿ ಏನೇನು ನೋಡಬಹುದು?

ಮುಖ್ಯ ಆಕರ್ಷಣೆ ಭಾರತೀಯ ಬೂದು ತೋಳ. ಜೊತೆಗೆ ಚಿಂಕಾರ, ಪಟ್ಟೆ ಕತ್ತೆಕಿರುಬ, ಬಂಗಾಳ ನರಿ, ಮೊಲಗಳಿವೆ. ಹಕ್ಕಿಪ್ರಿಯರಿಗಂತೂ ಹಬ್ಬ. ನೆಲಗುಬ್ಬಿ, ಟಿಟ್ಟಿಭ, ಹಾವುಗಳನ್ನು ಹಿಡಿಯುವ ಹದ್ದು, ಚಳಿಗಾಲದಲ್ಲಿ ದೂರದ ದೇಶಗಳಿಂದ ಹಾರಿಬಂದು ಹುಲ್ಲಿನ ಮೇಲೆ ತೇಲುವ ಹ್ಯಾರಿಯರ್ ಹಕ್ಕಿಗಳು ಕಾಣಸಿಗುತ್ತವೆ.

ತೋಳ ಹುಲಿಗಿಂತ ಸಾಮಾನ್ಯ ಪ್ರಾಣಿ ಎಂಬ ಭಾವನೆ ಹಲವರಲ್ಲಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 2022ರ ಗಣತಿ ಪ್ರಕಾರ ದೇಶದಲ್ಲಿ ಹುಲಿಗಳ ಸಂಖ್ಯೆ 3,682. ತೋಳಗಳ ಸಂಖ್ಯೆಯೂ ಸುಮಾರು 3 ಸಾವಿರದ ಆಸುಪಾಸಿನಲ್ಲಿದೆ ಎಂಬುದು ವಿಜ್ಞಾನಿಗಳ ಅಂದಾಜು. ವ್ಯತ್ಯಾಸವೆಂದರೆ, ಹುಲಿಗೆ 50ಕ್ಕೂ ಹೆಚ್ಚು ರಕ್ಷಿತಾರಣ್ಯಗಳಿವೆ. ತೋಳ ಬಹುತೇಕ ಹೊಲ, ಗೋಮಾಳ, ಕುರುಚಲು ಬಯಲಿನಲ್ಲಿ, ಮನುಷ್ಯರ ನಡುವೆಯೇ ಬದುಕಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಗೆ ಸಿಗುವಷ್ಟೇ ಕಾನೂನು ರಕ್ಷಣೆಯ ಪಟ್ಟಿಯಲ್ಲಿ, ತೋಳವೂ ಇದೆ, ಚಿಂಕಾರವೂ ಇದೆ.

ಇದು ಪಾಳುಭೂಮಿಯಲ್ಲ

ಮೊದಲ ಬಾರಿ ನೋಡಿದವರಿಗೆ ಈ ಬಯಲು ಏನೂ ಬೆಳೆಯದ ಬಂಜರು ನೆಲದಂತೆ ಕಾಣಬಹುದು. ಸರ್ಕಾರಿ ದಾಖಲೆಗಳಲ್ಲೂ ದೇಶದ ಎಷ್ಟೋ ಹುಲ್ಲುಗಾವಲುಗಳು 'ಪಾಳುಭೂಮಿ' ಎಂದೇ ನಮೂದಾಗಿವೆ. ಅದೇ ಕಾರಣಕ್ಕೆ ಇಂಥ ಜಾಗಗಳಲ್ಲಿ ಕೈಗಾರಿಕೆ, ಸೌರ ಘಟಕ, ರಸ್ತೆಗಳು ಸುಲಭವಾಗಿ ತಲೆ ಎತ್ತುತ್ತವೆ. ಒಳ್ಳೆಯ ಉದ್ದೇಶದಿಂದ ಸಾಲು ಸಾಲು ಗಿಡ ನೆಡುವುದೂ ಇಲ್ಲಿ ಕೆಡುಕೇ. ಬಯಲನ್ನು ನಂಬಿ ಬದುಕುವ ಚಿಂಕಾರ, ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆ ಮರಗಳ ತೋಪು ಮನೆಯಲ್ಲ.

ಸಹ್ಯಾದ್ರಿಯ ಮಳೆ ನೆರಳಿನ ಈ ಪ್ರದೇಶದಲ್ಲಿ ಮಳೆ ಕಡಿಮೆ, ಮಣ್ಣಿನ ಪದರ ತೆಳು. ಇಲ್ಲಿ ಹುಲ್ಲೇ ಸಹಜ ಸಸ್ಯ. ಉತ್ತರ ಕರ್ನಾಟಕದ ಬಯಲುಸೀಮೆ ಕಂಡವರಿಗೆ ಈ ನೆಲ ಹೊಸದೆನಿಸದು. ದಖ್ಖನ್ ಪ್ರಸ್ಥಭೂಮಿಯ ಒಂದೇ ಸರಣಿಯ ಭೂದೃಶ್ಯವಿದು.

ಸಫಾರಿಯ ಉದ್ದೇಶವೂ ಇದಕ್ಕೆ ಸಂಬಂಧಿಸಿದ್ದೇ. ಹುಲ್ಲುಗಾವಲಿಗೂ ಒಂದು ಬೆಲೆಯಿದೆ ಎಂಬುದು ಜನರ ಅರಿವಿಗೆ ಬರಬೇಕು, ಊರಿನವರಿಗೂ ಅದರಿಂದ ಆದಾಯ ಸಿಗಬೇಕು. ಅದಕ್ಕಾಗಿಯೇ ಇಲ್ಲಿ ಸ್ಥಳೀಯ ಯುವಕರನ್ನು ಗೈಡ್‌ಗಳನ್ನಾಗಿ ಬಳಸಿಕೊಳ್ಳಲಾಗುತ್ತಿದೆ.

ತಲುಪುವುದು ಹೇಗೆ?

ಪುಣೆಯಿಂದ: ಪುಣೆ–ಸೋಲಾಪುರ ಹೆದ್ದಾರಿಯಲ್ಲಿ ಇಂದಾಪುರದ ಕಡೆಗೆ ಸಾಗಬೇಕು. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಕಡಬನವಾಡಿ. ನಗರದ ಸಂಚಾರ ದಟ್ಟಣೆ ಸೇರಿ ಎರಡೂವರೆಯಿಂದ ಮೂರು ಗಂಟೆ ಬೇಕು. ಬೆಳಗಿನ ಸಫಾರಿಗೆ ಹೋಗುವವರು ಹಿಂದಿನ ರಾತ್ರಿಯೇ ಬಾರಾಮತಿ, ಭಿಗವಣ ಅಥವಾ ಇಂದಾಪುರದಲ್ಲಿ ತಂಗುವುದು ಜಾಣತನ. ನಿದ್ದೆಗಣ್ಣಿನಲ್ಲಿ ಹೆದ್ದಾರಿಯಲ್ಲಿ ಕಾರು ಓಡಿಸುವುದಕ್ಕಿಂತ ಅದು ಕ್ಷೇಮ.

ವಿಜಯಪುರ, ಕಲಬುರಗಿಯಿಂದ: ಪುಣೆವರೆಗೂ ಹೋಗಿ ಮರಳಿ ಬರುವ ಅಗತ್ಯವೇ ಇಲ್ಲ. ಸೋಲಾಪುರ ದಾಟಿ ಪುಣೆ ಕಡೆಗೆ ಸಾಗುವಾಗ ದಾರಿಯಲ್ಲೇ ಮೊದಲು ಇಂದಾಪುರ ಸಿಗುತ್ತದೆ.

ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ: ಕೊಲ್ಹಾಪುರ, ಸಾತಾರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 48 ಪರಿಚಿತ ದಾರಿ. ಸಾತಾರ ಭಾಗದಿಂದಲೇ ಫಲಟಣ್ ಮೂಲಕ ಬಾರಾಮತಿ ಸೇರಬಹುದು.

ರೈಲಿನಲ್ಲಿ: ಬೆಂಗಳೂರಿನಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೋಲಾಪುರ, ದೌಂಡ್ ಮೂಲಕವೇ ಪುಣೆ ತಲುಪುತ್ತದೆ. ದೌಂಡ್ ಜಂಕ್ಷನ್‌ನಿಂದ ಬಾರಾಮತಿಗೆ ಕವಲು ಮಾರ್ಗವಿದೆ. ಅಲ್ಲಿಂದ ಮುಂದೆ ಬಾಡಿಗೆ ವಾಹನವೇ ಗತಿ.

ಸಫಾರಿಗೆ ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮೊದಲೇ ಬುಕ್ ಮಾಡಿಕೊಳ್ಳಬೇಕು. ಶುಲ್ಕ, ಸಮಯ, ಯಾವ ವಾಹನಕ್ಕೆ ಪ್ರವೇಶ ಎಂಬುದನ್ನು ಅಲ್ಲೇ ಖಚಿತಪಡಿಸಿಕೊಂಡು ಹೊರಡಿ. ಬುಕಿಂಗ್ ಇಲ್ಲದೆ, ಗೈಡ್ ಇಲ್ಲದೆ ಗೂಗಲ್ ಮ್ಯಾಪ್ ನಂಬಿ ಬಯಲಿಗೆ ಕಾರು ನುಗ್ಗಿಸುವುದು ಸಫಾರಿಯಲ್ಲ, ಅತಿಕ್ರಮಣ.

ಒಂದು ರಾತ್ರಿ ತಂಗುವವರು ಇನ್ನೆರಡು ಜಾಗಗಳನ್ನೂ ಪ್ರವಾಸಕ್ಕೆ ಸೇರಿಸಿಕೊಳ್ಳಬಹುದು. ಬಾರಾಮತಿ ತಾಲ್ಲೂಕಿನ ಸುಪೆ ಬಳಿಯ ಮಯೂರೇಶ್ವರ ಅಭಯಾರಣ್ಯ ಚಿಂಕಾರಗಳಿಗೆ ಹೆಸರುವಾಸಿ. 1997ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 5 ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚಷ್ಟೇ. ಇನ್ನೊಂದು, ಉಜನಿ ಜಲಾಶಯದ ಹಿನ್ನೀರಿನ ಭಿಗವಣ. ಚಳಿಗಾಲದಲ್ಲಿ ಇಲ್ಲಿ ಫ್ಲೆಮಿಂಗೊಗಳ ದಂಡು ಬೀಡುಬಿಡುತ್ತದೆ.

ವಾಹನ ದಾರಿ ಬಿಡಬಾರದು, ಏಕೆ?

ಬಯಲು ಸಮತಟ್ಟಾಗಿ ಕಾಣುವುದರಿಂದ ಎಲ್ಲಿ ಬೇಕಾದರೂ ಕಾರು ಹೋಗಬಹುದು ಎನಿಸುತ್ತದೆ. ಇಲ್ಲಿ ಆಗುವ ಮೊದಲ ತಪ್ಪು ಇದೇ.

ಟಿಟ್ಟಿಭ, ನೆಲಗುಬ್ಬಿಯಂಥ ಹಕ್ಕಿಗಳು ಮೊಟ್ಟೆ ಇಡುವುದು ನೆಲದ ಮೇಲೆ. ಮೊಟ್ಟೆಯ ಬಣ್ಣ ಮಣ್ಣು, ಕಲ್ಲಿನ ಬಣ್ಣದಲ್ಲೇ ಬೆರೆತುಹೋಗಿರುತ್ತದೆ. ಚಾಲಕನ ಸೀಟಿನಿಂದ ಅದು ಕಾಣುವುದೇ ಇಲ್ಲ. ನರಿಗಳ ಬಿಲವೂ ನೆಲದಲ್ಲೇ. ಒಮ್ಮೆ ಚಕ್ರ ಹರಿದ ಜಾಗದಲ್ಲಿ ಹುಲ್ಲು ಬೇಗ ಚಿಗುರುವುದಿಲ್ಲ. ಮುಂದಿನ ಮಳೆಗೆ ಅದೇ ಗೆರೆ ನೀರು ಹರಿಯುವ ಕೊರಕಲಾಗುತ್ತದೆ. ಮೊದಲ ಕಾರಿನ ಗುರುತು ಹಿಡಿದು ಎರಡನೆಯದು, ಮೂರನೆಯದು ಬರುತ್ತದೆ. ಕಡೆಗೆ ಅದೇ ಒಂದು ರಸ್ತೆ!

ಆದ್ದರಿಂದ ಗುರುತು ಮಾಡಿದ ದಾರಿಯಲ್ಲೇ, ಗಂಟೆಗೆ 20 ಕಿ.ಮೀ. ಮೀರದ ವೇಗದಲ್ಲಿ ಸಾಗುವುದು ಸರಿಯಾದ ಕ್ರಮ. ಹಾರ್ನ್ ಬೇಡ, ಹಾಡು ಬೇಡ. ಇನ್ನೊಂದು ವಾಹನಕ್ಕೆ ದಾರಿ ಬಿಡಬೇಕಾದರೂ ಹುಲ್ಲಿಗೆ ಇಳಿಸದೆ ಅಗಲ ಜಾಗ ಸಿಗುವವರೆಗೆ ಕಾಯಬೇಕು.

ಬೆನ್ನಟ್ಟಿದರೆ ಅದೂ 'ಬೇಟೆ'

ತೋಳ ಕಂಡೊಡನೆ ಕೆಲವರು ಕಾರಿನ ವೇಗ ಹೆಚ್ಚಿಸಿ ಅದರ ಪಕ್ಕದಲ್ಲೇ ಓಡಿಸಿ ವಿಡಿಯೊ ಮಾಡುತ್ತಾರೆ. ಬೈಕ್‌ನಲ್ಲಿ ಚಿಂಕಾರಗಳ ಹಿಂದೆ ಬೀಳುವವರೂ ಇದ್ದಾರೆ. ಮೋಜಿಗೆ ಮಾಡಿದ್ದು, ಪ್ರಾಣಿಗೇನೂ ಆಗಿಲ್ಲ ಎಂಬುದು ಅವರ ಸಮಜಾಯಿಷಿ.

ಕಾನೂನು ಅದನ್ನು ಹಾಗೆ ನೋಡುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆ ಕೊಲ್ಲುವುದಕ್ಕೆ ಸೀಮಿತವಾಗಿಲ್ಲ. ಪ್ರಾಣಿಯನ್ನು ಬೆನ್ನಟ್ಟುವುದು, ಅಟ್ಟುವುದು, ಆಮಿಷ ಒಡ್ಡುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಎಲ್ಲವೂ ಅದರೊಳಗೆ ಬರುತ್ತದೆ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಅಭಯಾರಣ್ಯದೊಳಗೆ ಪ್ರಾಣಿಯನ್ನು ಕೆಣಕುವುದು, ಕಸ ಎಸೆಯುವುದು ಕೂಡ ಕಾಯ್ದೆಯಡಿ ನಿಷಿದ್ಧ.

ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ಸರಳ. ಬಿಸಿಲಿನ ಬಯಲಿನಲ್ಲಿ ನೀರು, ಆಹಾರ ಎರಡೂ ಅಪರೂಪ. ಅಂಥಲ್ಲಿ ಪ್ರಾಣಿ ಪ್ರಾಣಭಯದಿಂದ ಓಡಿದ ಒಂದೊಂದು ಕಿಲೋಮೀಟರ್‌ಗೂ ಬೆಲೆ ತೆರಬೇಕಾಗುತ್ತದೆ.

ಎಷ್ಟು ದೂರ ನಿಲ್ಲಬೇಕು?

ಹುಲಿ ರಕ್ಷಿತಾರಣ್ಯಗಳಿಗಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಪ್ರಾಣಿ ಕಂಡಾಗ ಎರಡು ವಾಹನಗಳ ನಡುವೆ 50 ಮೀಟರ್ ಅಂತರವಿರಬೇಕು, ಪ್ರಾಣಿಯನ್ನು ಸುತ್ತುವರಿಯಬಾರದು ಎನ್ನುತ್ತದೆ.

ಬಯಲಿನಲ್ಲಿ 20 ಮೀಟರ್ ಏನೇನೂ ಸಾಲದು. ಇಲ್ಲಿ ಅಳತೆ ಹೇಳುವುದು ಪ್ರಾಣಿಯೇ. ತೋಳ ತನ್ನ ಪಾಡಿಗೆ ನಡೆಯುತ್ತಿದೆ, ಮಲಗಿದೆ, ಮೂಸುತ್ತಿದೆ ಎಂದರೆ ಅಂತರ ಸರಿಯಿದೆ. ತಟ್ಟನೆ ನಿಂತು ವಾಹನವನ್ನೇ ದಿಟ್ಟಿಸಿತು, ಕಿವಿ ನಿಮಿರಿಸಿತು, ದಿಕ್ಕು ಬದಲಿಸಿತು ಎಂದರೆ ಹತ್ತಿರವಾಯಿತು ಎಂದರ್ಥ. ಆಗ ಎಂಜಿನ್ ಆರಿಸಿ ಸುಮ್ಮನಿರುವುದು, ಇಲ್ಲವೇ ಮೆಲ್ಲಗೆ ಹಿಂದಕ್ಕೆ ಸರಿಯುವುದು ಸರಿ. ಅದು ಹೋಗುತ್ತಿರುವ ದಿಕ್ಕಿಗೆ ಮುಂಚೆಯೇ ಹೋಗಿ ಅಡ್ಡ ನಿಲ್ಲುವುದಂತೂ ಸಲ್ಲದು.

ಕಾರಿನಿಂದ ಇಳಿಯುವುದನ್ನೂ ಗೈಡ್ ಹೇಳಿದ ಕಡೆ ಮಾತ್ರ ಮಾಡಿ. ವಾಹನಕ್ಕೆ ಹೊಂದಿಕೊಂಡ ಪ್ರಾಣಿಗಳೂ ಎರಡು ಕಾಲಿನ ಆಕೃತಿ ಕಂಡೊಡನೆ ಓಟ ಕೀಳುತ್ತವೆ.

ಪ್ರವಾಸಿಗರ ಕಾಲವೇ ಮರಿಗಳ ಕಾಲ

ಮಳೆ ಮುಗಿದ ಮೇಲೆ ಫೆಬ್ರುವರಿವರೆಗೆ ಇಲ್ಲಿ ಹವೆ ಹಿತ. ಪ್ರವಾಸಿಗರು ಹೆಚ್ಚು ಬರುವುದೂ ಆಗಲೇ. ಆದರೆ ದಖ್ಖನ್ ಬಯಲಿನಲ್ಲಿ ತೋಳಗಳು ಸಾಮಾನ್ಯವಾಗಿ ಮರಿ ಹಾಕುವುದೂ ಚಳಿಗಾಲದ ಆಸುಪಾಸಿನಲ್ಲೇ. ಎರಡು ತಿಂಗಳ ಗರ್ಭದ ನಂತರ ಹುಟ್ಟುವ ಮರಿಗಳಿಗೆ ಮೊದಲ ಕೆಲವು ದಿನ ಕಣ್ಣೂ ತೆರೆದಿರುವುದಿಲ್ಲ. ವಾರಗಟ್ಟಲೆ ಅವುಗಳ ಲೋಕ ಎಂದರೆ ಬಿಲ ಮತ್ತು ಬಿಲದ ಬಾಯಿ ಅಷ್ಟೇ.

ಬಿಲದ ಬಳಿ ಜನರ ಸುಳಿವು ಹೆಚ್ಚಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆಡೆಗೆ ಸಾಗಿಸುತ್ತದೆ. ಆ ಸಾಗಾಟದಲ್ಲಿ ಬೀದಿನಾಯಿ, ರಸ್ತೆ, ಬಿಸಿಲು ಎಲ್ಲವೂ ಅಪಾಯವೇ. ಹಾಗಾಗಿ ಬಿಲ ತೋರಿಸಿ ಎಂದು ಗೈಡ್‌ಗೆ ಕೇಳಲೇಬಾರದು. ಅಕಸ್ಮಾತ್ ಕಂಡರೂ ನಿಲ್ಲದೆ ಮುಂದೆ ಸಾಗಬೇಕು.

ಫೋಟೊ ಹಂಚಿಕೊಳ್ಳುವಾಗಲೂ ಎಚ್ಚರ ಬೇಕು. ಸಾಮಾಜಿಕ ಜಾಲತಾಣದಲ್ಲಿ ಲೊಕೇಷನ್ ಸಮೇತ ಹಾಕಿದ ಒಂದು ಚಿತ್ರ ಮರುದಿನವೇ ಹತ್ತು ಕಾರುಗಳನ್ನು ಅದೇ ಬಿಲದ ಬಾಯಿಗೆ ಕರೆತರಬಹುದು. ಜಿಲ್ಲೆಯ ಹೆಸರು ಹಾಕಿದರೆ ಸಾಕು, ಜಾಗದ ಗುರುತು ಬೇಡ. ಹಿನ್ನೆಲೆಯಲ್ಲಿ ಗುಡಿ, ಮೊಬೈಲ್ ಟವರ್‌ನಂಥ ಗುರುತುಗಳಿದ್ದರೆ ಅದನ್ನೂ ಗಮನಿಸಿ.

ಗೈಡ್ ಮೇಲೆ ಒತ್ತಡ ಹೇರಬೇಡಿ

ಸಫಾರಿಯ ನಿಯಮಗಳು ಮುರಿಯುವುದು ಹೆಚ್ಚಾಗಿ ಒಂದೇ ಮಾತಿನಿಂದ: 'ಇನ್ನೂ ಸ್ವಲ್ಪ ಹತ್ತಿರ ಹೋಗಿ'. ಹೆಚ್ಚಿಗೆ ಕೊಡುವ ನೂರು, ಇನ್ನೂರು ರೂಪಾಯಿ ಟಿಪ್ಸ್ ಆಸೆಗೋ, ಪ್ರವಾಸಿಗರ ಮುನಿಸಿಗೆ ಹೆದರಿಯೋ ಗೈಡ್ ಒಪ್ಪಿಬಿಡುತ್ತಾನೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಅವನದು.

ಮಹಾರಾಷ್ಟ್ರದಲ್ಲೇ ಇದಕ್ಕೆ ಉದಾಹರಣೆಯಿದೆ. 2024ರ ಡಿಸೆಂಬರ್ 31ರಂದು ನಾಗಪುರ ಸಮೀಪದ ಉಮ್ರೇಡ್ ಕರಹಾಂಡ್ಲಾ ಅಭಯಾರಣ್ಯದಲ್ಲಿ ಐದು ಮರಿಗಳೊಂದಿಗೆ ಬರುತ್ತಿದ್ದ ಹೆಣ್ಣು ಹುಲಿಯನ್ನು ಸಫಾರಿ ವಾಹನಗಳು ಎರಡೂ ಕಡೆಯಿಂದ ಅಡ್ಡಗಟ್ಟಿದ್ದವು. ವಿಡಿಯೊ ಹರಿದಾಡಿದ ಬಳಿಕ ಚಾಲಕರು, ಗೈಡ್‌ಗಳು ಅಮಾನತಾದರು. ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. 2025ರ ನವೆಂಬರ್‌ನಲ್ಲಿ ಕಾರ್ಬೆಟ್ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಹುಲಿ ರಕ್ಷಿತಾರಣ್ಯಗಳ ಕೋರ್ ಪ್ರದೇಶದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆಗೆ ಕಡಿವಾಣ ಹಾಕಿತು. ರಾತ್ರಿ ಪ್ರವಾಸೋದ್ಯಮವನ್ನೂ ನಿಷೇಧಿಸಿತು.

ಕರ್ನಾಟಕದಲ್ಲೂ ಪಾಠಗಳಿಗೆ ಕೊರತೆಯಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ಬಳಿ ವಾಹನದಿಂದಿಳಿದು ಆನೆಯ ಫೋಟೊ ತೆಗೆಯಲು ಹೋದ ವ್ಯಕ್ತಿ ಆನೆಯ ಕಾಲ್ತುಳಿತಕ್ಕೆ ಸಿಲುಕಿ ಕೂದಲೆಳೆ ಅಂತರದಲ್ಲಿ ಬದುಕುಳಿದರು. ಅವರಿಗೆ 25 ಸಾವಿರ ರೂಪಾಯಿ ದಂಡ ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಆದೇಶಿಸಿದ್ದರು. ಸಫಾರಿ ವಾಹನಗಳ ಗದ್ದಲಕ್ಕೆ ಪ್ರಾಣಿಗಳು ಹೊರಬರುತ್ತಿವೆ ಎಂಬುದು ಸ್ಥಳೀಯರ ದೂರಾಗಿತ್ತು. ಸಫಾರಿ ಎಂಬುದು ಪ್ರವಾಸಿಗರು ಮತ್ತು ಪ್ರಾಣಿಗಳ ನಡುವಿನ ವ್ಯವಹಾರ ಮಾತ್ರವಲ್ಲ. ಪಕ್ಕದ ಊರಿನವರ ಒಪ್ಪಿಗೆ ಇದ್ದರಷ್ಟೇ ಅದು ನಡೆಯುತ್ತದೆ.

ಇದು ಕುರಿಗಾಹಿಗಳ ನೆಲವೂ ಹೌದು

ಕಡಬನವಾಡಿ, ಶಿರ್ಸುಫಳದ ಬಯಲಿನಲ್ಲಿ ತೋಳದಷ್ಟೇ ಹಳಬರು ಧನಗರ ಸಮುದಾಯದ ಕುರಿಗಾಹಿಗಳು. ಕರ್ನಾಟಕದ ಕುರುಬರಂತೆ ಕುರಿಯೇ ಇವರ ಆಸ್ತಿ. ತೋಳ ಒಂದು ಕುರಿ ಹಿಡಿದರೆ ನಷ್ಟ ಆಗುವುದು ಇವರಿಗೆ. ಆದರೂ ತೋಳ ಇಲ್ಲಿ ಉಳಿದಿದೆ ಎಂದರೆ ಅದರ ಹಿಂದೆ ಇವರ ಸಹನೆಯ ಪಾಲು ದೊಡ್ಡದು.

ಕುರಿ ಹಿಂಡು ಎದುರಾದರೆ ಎಂಜಿನ್ ನಿಲ್ಲಿಸಿ ದಾರಿ ಬಿಡಬೇಕು. ಹಿಂಡಿನ ನಡುವೆ ಕಾರು ನುಗ್ಗಿಸಿದರೆ ಕುರಿಗಳು ಚೆದುರಿ, ಮರಿಗಳು ತಾಯಿಯಿಂದ ದೂರವಾಗುತ್ತವೆ. ಬಿಡಾರದಲ್ಲಿರುವ ಹೆಂಗಸರು, ಮಕ್ಕಳ ಫೋಟೊ ಕೇಳದೆ ತೆಗೆಯಬಾರದು. 'ರಾಮ್ ರಾಮ್' ಅಥವಾ 'ನಮಸ್ಕಾರ' ಎಂದು ಮಾತು ಆರಂಭಿಸಿದರೆ ಭಾಷೆಯ ತೊಡಕು ಅರ್ಧ ಕಡಿಮೆಯಾಗುತ್ತದೆ. ತೋಳ ಕುರಿ ಹಿಡಿದ ಸಂಗತಿ ಕೇಳಿ 'ಅದ್ಭುತ' ಎಂದು ಸಂಭ್ರಮಿಸುವ ಮುನ್ನ ಕುರಿ ಯಾರದೆಂದು ನೆನಪಿರಲಿ.

ಊಟದ ಪೊಟ್ಟಣದ ಚೂರೂ ಅಲ್ಲಿ ಉಳಿಯಬಾರದು

ಉಳಿದ ಚಪಾತಿ, ಬಿಸ್ಕತ್ತು, ಮಾಂಸದ ತುಂಡು ಬಯಲಿನಲ್ಲಿ ಎಸೆದರೆ ಯಾವುದಾದರೂ ಪ್ರಾಣಿ ತಿಂದೀತು ಎಂಬ ಕರುಣೆ ಇಲ್ಲಿ ಅಪಾಯಕಾರಿ. ಮೊದಲು ಬರುವುದು ಬೀದಿನಾಯಿ. ನಾಯಿ ಬಂದಲ್ಲಿ ರೇಬಿಸ್, ಡಿಸ್ಟೆಂಪರ್‌ನಂಥ ರೋಗಗಳೂ ಬರುತ್ತವೆ. ತೋಳ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂದಕ್ಕೆ ಸೋಂಕು ತಗುಲಿದರೆ ಇಡೀ ಕುಟುಂಬ ಅಳಿಯಬಹುದು.

ಇನ್ನೊಂದು ಅಪಾಯ ತಳಿ ಬೆರಕೆಯದು. ಪುಣೆ ಸುತ್ತಮುತ್ತ ಕಂಡ ವಿಚಿತ್ರ ಬಣ್ಣದ ತೋಳವೊಂದರ ಕೂದಲಿನ ಮಾದರಿ ಬೆಂಗಳೂರಿನ ಪ್ರಯೋಗಾಲಯ ತಲುಪಿತ್ತು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಏಟ್ರೀ ಸಂಸ್ಥೆ ಮತ್ತು ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್ ಸೇರಿ ನಡೆಸಿದ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತೋಳ ಮತ್ತು ನಾಯಿಯ ಬೆರಕೆಗೆ ಭಾರತದ ಬಯಲುಗಳಲ್ಲಿ ಸಿಕ್ಕ ಮೊದಲ ಜನ್ಯ ಪುರಾವೆ ಅದು. ನಾಯಿಗಳು ಹೆಚ್ಚಿದಷ್ಟೂ ಶುದ್ಧ ತೋಳ ತಳಿ ಕರಗುತ್ತದೆ. ಆದ್ದರಿಂದ ಸಾಕುನಾಯಿಯನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಹೊರಡುವ ಮುನ್ನ ನೆನಪಿಡಿ

• ಮಣ್ಣು, ಒಣಹುಲ್ಲಿನ ಬಣ್ಣದ ಬಟ್ಟೆ ಧರಿಸಿ. ಬಿಳಿ, ಕೆಂಪು ಬಣ್ಣ ಬಯಲಿನಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ.

• ಟೋಪಿ, ಕುಡಿಯುವ ನೀರು ಸಾಕಷ್ಟಿರಲಿ. ಬಯಲಿನಲ್ಲಿ ನೆರಳಾಗಲಿ, ಅಂಗಡಿಯಾಗಲಿ ಸಿಗುವುದಿಲ್ಲ.

• ಬೈನಾಕ್ಯುಲರ್ ಇದ್ದರೆ ಹತ್ತಿರ ಹೋಗಬೇಕೆಂಬ ಆಸೆಯೇ ಕಡಿಮೆಯಾಗುತ್ತದೆ.

• ಬೀಡಿ, ಸಿಗರೇಟು ಬೇಡವೇ ಬೇಡ. ಒಣಹುಲ್ಲಿಗೆ ಒಂದು ಕಿಡಿ ಸಾಕು.

• ಡ್ರೋನ್ ಹಾರಿಸಬೇಡಿ. ಹಕ್ಕಿಗಳಿಗೂ ಪ್ರಾಣಿಗಳಿಗೂ ಅದು ಬೇಟೆಯ ಹದ್ದಿನಂತೆ.

• ಪ್ರಾಣಿಯ ಕೂಗು ರೆಕಾರ್ಡ್ ಹಾಕಿ ಕರೆಯುವುದು, ಟಾರ್ಚ್ ಅಥವಾ ಫ್ಲಾಶ್ ಬಿಡುವುದು ಬೇಡ.

• ಮಕ್ಕಳಿಗೆ ಮೊದಲೇ ತಿಳಿಹೇಳಿ. ಹುಲಿ, ಸಿಂಹ ಕಾಣುತ್ತದೆಂದು ಆಸೆ ಹುಟ್ಟಿಸಿ ಕರೆತಂದರೆ ಅರ್ಧ ಗಂಟೆಯಲ್ಲೇ ಗಲಾಟೆ ಶುರುವಾಗುತ್ತದೆ.

ನಮ್ಮ ರಾಜ್ಯದಲ್ಲೂ ಇವೆ ಇಂಥ ಬಯಲುಗಳು

ಪುಣೆವರೆಗೆ ಹೋಗಲಾಗದವರಿಗೆ ಕರ್ನಾಟಕದಲ್ಲೂ ಬಯಲು ವನ್ಯಜೀವಿಗಳ ತಾಣಗಳಿವೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳ ಧಾಮ, ತೋಳಗಳಿಗಾಗಿಯೇ 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಜೀವಿ ಧಾಮ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ತುಮಕೂರು ಜಿಲ್ಲೆಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇವುಗಳಲ್ಲಿ ಪ್ರಮುಖ. ಎಲ್ಲ ಕಡೆ ಸಫಾರಿ ವ್ಯವಸ್ಥೆ ಒಂದೇ ತೆರನಾಗಿಲ್ಲ. ಸ್ಥಳೀಯ ಅರಣ್ಯ ಕಚೇರಿಯ ಅನುಮತಿ ಪಡೆದೇ ಹೋಗಬೇಕು. ಪುಣೆಯ ಬಯಲಿನಲ್ಲಿ ಪಾಲಿಸಬೇಕಾದ ಶಿಸ್ತು ಇಲ್ಲಿಗೂ ಚಾಚೂ ತಪ್ಪದೆ ಅನ್ವಯಿಸುತ್ತದೆ.

ತೋಳ ಕಾಣದಿದ್ದರೆ?

ಕಾಣದೇ ಇರುವ ಸಾಧ್ಯತೆ ಸಾಕಷ್ಟಿದೆ. ತೋಳ ದಿನಕ್ಕೆ ಹತ್ತಾರು ಕಿಲೋಮೀಟರ್ ಅಲೆಯುವ ಪ್ರಾಣಿ. ಸಫಾರಿಯ ಮೂರು ಗಂಟೆಯಲ್ಲಿ ಅದು ಇನ್ನೊಂದು ಊರಿನ ಜೋಳದ ಹೊಲದಲ್ಲಿ ಮಲಗಿರಬಹುದು. ಹಾಗೆಂದು ಟಿಕೆಟ್ ಹಣ ವ್ಯರ್ಥವಾಯಿತೆಂದು ಗೈಡ್ ಜೊತೆ ಜಗಳಕ್ಕಿಳಿಯುವುದು ತರವಲ್ಲ. ದೂಳಿನಲ್ಲಿ ಮೂಡಿದ ಹೆಜ್ಜೆ, ಕೂದಲು ಬೆರೆತ ಒಣ ಹಿಕ್ಕೆ, ಚಿಂಕಾರಗಳು ತಲೆ ಎತ್ತಿ ನೋಡುವ ದಿಕ್ಕು, ಇವನ್ನು ತೋರಿಸಿ ಎಂದು ಕೇಳಿ. ತೋಳ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಗೈಡ್ ಅದರಿಂದಲೇ ಬಿಡಿಸಿ ಹೇಳಬಲ್ಲ.

ಬಂದು ಹೋದದ್ದು ಪ್ರಾಣಿಗೆ ಗೊತ್ತೇ ಆಗದಂತೆ ನೋಡಿ ಬಂದರೆ ಅದೇ ಒಳ್ಳೆಯ ಸಫಾರಿ. ಮುಂದಿನ ವಾರ ಬರುವವರಿಗೂ ಆಗ ಅಲ್ಲಿ ತೋಳ ಇರುತ್ತದೆ.